ಗಿಟಾರ್ ಸ್ವಂತವಾಗಿ ಕಲಿಯಲು ಯಾವ ಪಾಠ ಹಿಡಿಯಲಿ? (ಎರಡು ಸಲ ಬಿಟ್ಟವನ ಪ್ರಶ್ನೆ)

ಔಷಧಿ_ಅಂಗಡಿ_ಶಿರಸಿ:

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಶಿರಸಿಯಲ್ಲಿ ಔಷಧಿ ಅಂಗಡಿ ಇದೆ. ಗಿಟಾರ್ ಕಲಿಯಲು ಹೊರಟು ಎರಡು ಸಲ ಬಿಟ್ಟಿದ್ದೇನೆ. ಮೂರನೇ ಸಲ ಬಿಡುವ ಮೊದಲು ಇಲ್ಲಿ ಕೇಳೋಣ ಅನಿಸಿತು.

ಗಿಟಾರ್ ಮಗನದ್ದು, ಯಮಹಾ ಎಫ್310. ಪಿಯುಸಿ ರಜೆಯಲ್ಲಿ ಹಟ ಮಾಡಿ ತರಿಸಿಕೊಂಡ. ಒಂದು ತಿಂಗಳು ಬಾರಿಸಿದ. ಆಮೇಲೆ ಇಂಜಿನಿಯರಿಂಗ್ ಅಂತ ಹೋದವನು ಅದರ ಸುದ್ದಿಯೇ ಎತ್ತಲಿಲ್ಲ. ಮೂರು ಮಳೆಗಾಲ ಕಪಾಟಿನ ಮೇಲೆ ಮಲಗಿತ್ತು. ನಮ್ಮ ಕಡೆ ಮಳೆಗಾಲ ಅಂದರೆ ಗೊತ್ತಲ್ಲ, ಕಟ್ಟಿಟ್ಟ ಚಪ್ಪಲಿಗೂ ಬೂಷ್ಟು ಬರುತ್ತದೆ.

ಮೊದಲ ಸಲ ಯೂಟ್ಯೂಬ್ ಹಿಡಿದೆ. ಒಂದು ವಿಡಿಯೋದಿಂದ ಇನ್ನೊಂದಕ್ಕೆ ಹಾರುತ್ತಾ ಎರಡು ತಿಂಗಳು ಕಳೆಯಿತು. ನೋಡಿದ್ದು ಜಾಸ್ತಿ, ಬಾರಿಸಿದ್ದು ಕಡಿಮೆ. ಎರಡನೇ ಸಲ ದುಡ್ಡು ಕೊಟ್ಟರೆ ಶಿಸ್ತು ಬರುತ್ತದೆ ಅಂದುಕೊಂಡು 3,999 ರೂಪಾಯಿ ಕಟ್ಟಿ 90 ದಿನದ ಆನ್‌ಲೈನ್ ಕೋರ್ಸ್ ಸೇರಿದೆ. ಹೆಸರು ಬೇಡ. ಒಂಬತ್ತನೇ ದಿನಕ್ಕೆ ಎಫ್ ಕಾರ್ಡ್ (ಹಲವು ಸ್ವರ ಒಟ್ಟಿಗೆ ನುಡಿಯುವ ಹಿಡಿತ) ಬಂತು. ತೋರುಬೆರಳನ್ನು ಆರೂ ತಂತಿಯ ಮೇಲೆ ಅಡ್ಡ ಮಲಗಿಸಿ ಒತ್ತಬೇಕಂತೆ. ನಾನು ಒತ್ತಿದೆ. ಒಂದು ತಂತಿಯೂ ಮಾತಾಡಲಿಲ್ಲ. ಪಾಠದವರು ನಗುತ್ತಾ ಮುಂದಿನ ಪಾಠಕ್ಕೆ ಹೋದರು, ನಾನು ಅಲ್ಲೇ ಕುಳಿತೆ. ಪ್ರಶ್ನೆ ಕಳಿಸಿದರೆ 'ಅಭ್ಯಾಸ ಮುಂದುವರಿಸಿ' ಅಂತ ಉತ್ತರ, ಜೊತೆಗೆ ಒಂದು ಹೆಬ್ಬೆರಳಿನ ಚಿತ್ರ.

ಊರಲ್ಲಿ ತಬಲಾ, ಹಾರ್ಮೋನಿಯಂ ಕಲಿಸುವವರು ಇದ್ದಾರೆ. ಗಿಟಾರ್ ಕಲಿಸುವವರು ನನಗೆ ಸಿಕ್ಕಿಲ್ಲ. ಅಂಗಡಿ ಬಾಗಿಲು ಹಾಕಿ ಮನೆಗೆ ಬರುವಾಗ ಒಂಬತ್ತೂವರೆ. ಊಟಕ್ಕೆ ಮೊದಲು ಅರ್ಧ ಗಂಟೆ ನನ್ನದು.

ಏನು ಬಾರಿಸಬೇಕು ಅಂತ ಕೇಳಿದರೆ ನಾಚಿಕೆ. ಅಮ್ಮ ಸಂಜೆ ದಾಸರ ಪದ ಹೇಳುತ್ತಾರೆ, ಅವರ ಪಕ್ಕ ಕುಳಿತು ಮೆಲ್ಲಗೆ ಮೀಟಬೇಕು. ಅಷ್ಟೇ. ದೊಡ್ಡ ಕಲಾವಿದ ಆಗುವ ಆಸೆ ಇಲ್ಲ.

ಪುಸ್ತಕ ತರಲಾ, ಆ್ಯಪ್ ಹಾಕಿಕೊಳ್ಳಲಾ, ಮತ್ತೆ ದುಡ್ಡು ಕಟ್ಟಲಾ? ಒಂದು ಹೇಳಿ, ಅದನ್ನೇ ಹಿಡಿಯುತ್ತೇನೆ.

ಹಳೇ_ಕ್ಯಾಪೊ:

ಪಾಠ ಆಮೇಲೆ. ಮೊದಲು ಒಂದು ಕೆಲಸ ಮಾಡಿ.

ಉಬ್ಬು ಅಂಕಿ ಇಲ್ಲದ ಎಟಿಎಂ ಕಾರ್ಡ್ ಮೂರು ತಗೊಳ್ಳಿ. ಒಂದು ಕಾರ್ಡಿನ ದಪ್ಪ 0.76 ಮಿಲಿಮೀಟರ್, ಯಾವ ಬ್ಯಾಂಕಿನದಾದರೂ ಅಷ್ಟೇ. ಮೂರು ಸೇರಿದರೆ ಹತ್ತಿರ ಹತ್ತಿರ 2.3. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಕ್ಕೆ ಇರುವ ಲೋಹದ ಪಟ್ಟಿಗಳೇ ಫ್ರೆಟ್; ಕಾರ್ಡುಗಳನ್ನು 12ನೇ ಫ್ರೆಟ್ಟಿನ ಪಟ್ಟಿಯ ಮೇಲೆ ಇಟ್ಟು, ದಪ್ಪ ತಂತಿಯ ಕೆಳಗೆ ತೂರಿಸಿ. ಮೂರು ಕಾರ್ಡಿಗೆ ತಂತಿ ತಾಗಿದರೆ ಗಿಟಾರ್ ಸರಿ ಇದೆ. ನಾಲ್ಕು ಹೋದರೆ ಹೇಗೋ ಸಹಿಸಬಹುದು. ಐದು ಹೋದರೆ ನಿಮ್ಮ ಬೆರಳಿನದ್ದೇನೂ ತಪ್ಪಿಲ್ಲ.

ಯಾಕೆ ಕೇಳಿದೆ ಅಂದರೆ, ಆರು ಉಕ್ಕಿನ ತಂತಿ ಸೇರಿ ಸುಮಾರು 70 ಕೆಜಿ ಎಳೆತ ಇರುತ್ತದೆ. ಒಬ್ಬ ಮನುಷ್ಯ ಜೋತಾಡಿದ ಹಾಗೆ. ಅದರ ಮೇಲೆ ಮಲೆನಾಡಿನ ತೇವ. ಮರ ನೀರು ಕುಡಿದು ಹೊಟ್ಟೆ ಉಬ್ಬುತ್ತದೆ, ತಂತಿ ಕಟ್ಟಿರುವ ಬ್ರಿಡ್ಜ್ ಮೇಲೇಳುತ್ತದೆ, ಜೊತೆಗೆ ತಂತಿಯೂ. ಮೂರು ಮಳೆಗಾಲ ತಂತಿ ಬಿಗಿದೇ ಇಟ್ಟಿದ್ದಿರಿ ಅಲ್ವಾ?

ಇನ್ನೊಂದು ಪರೀಕ್ಷೆ. ಕ್ಯಾಪೊ (ಎಲ್ಲ ತಂತಿಯನ್ನೂ ಒಮ್ಮೆಗೇ ಒತ್ತಿ ಹಿಡಿಯುವ ಕ್ಲಿಪ್ಪು) ಇದ್ದರೆ 2ನೇ ಫ್ರೆಟ್ಟಿಗೆ ಹಾಕಿ, ಅಲ್ಲಿಂದ ಮುಂದೆ ಅದೇ ಎಫ್ ಹಿಡಿಯಿರಿ. ಒಮ್ಮೆಲೇ ಸುಲಭ ಆಯಿತು ಅಂದರೆ ತಲೆಯ ಹತ್ತಿರ ಇರುವ ಬಿಳಿ ನಟ್ ಪಟ್ಟಿಯ ಗೀರುಗಳು ಸಾಕಷ್ಟು ಆಳ ಇಲ್ಲ ಅಂತ ಅರ್ಥ. ಹೊಸ ಗಿಟಾರ್‌ಗಳಲ್ಲೂ ಇದು ಸಾಮಾನ್ಯ. ಇದನ್ನು ರಿಪೇರಿ ಮಾಡುವವರ ಹತ್ತಿರ ಸರಿ ಮಾಡಿಸಿ, ನೀವೇ ಅರ ಹಿಡಿಯಬೇಡಿ. ಒಂದು ಸಲ ಜಾಸ್ತಿ ಉಜ್ಜಿದರೆ ವಾಪಸ್ ಬರುವುದಿಲ್ಲ. ನಾನು ಉಜ್ಜಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಎಟಿಎಂ ಕಾರ್ಡ್ ಎಷ್ಟು ಹೋದವು ಹೇಳಿ. ಆಮೇಲೆ ಪಾಠದ ಮಾತು.

ಔಷಧಿ_ಅಂಗಡಿ_ಶಿರಸಿ:

ಐದು ಹೋದವು ಸಾರ್. ಆರನೆಯದು ಹೆಂಡತಿಯದ್ದು, ಅವಳು ಕೊಡಲಿಲ್ಲ.

ಹಳೇ_ಕ್ಯಾಪೊ:

ಹಾಗಾದರೆ 3,999 ರೂಪಾಯಿಯ ಕೋರ್ಸನ್ನು ಬೈಯುವುದು ಅರ್ಧಕ್ಕೆ ನಿಲ್ಲಿಸಿ. ಇನ್ನರ್ಧ ಬೈಯಬಹುದು, ಒಂಬತ್ತನೇ ದಿನಕ್ಕೆ ಎಫ್ ಕೊಟ್ಟಿದ್ದಕ್ಕೆ.

ನಾನು ಒಂಬತ್ತು ವರ್ಷದಿಂದ ಗುರು ಇಲ್ಲದೆ ಬಾರಿಸುತ್ತಿದ್ದೇನೆ. ಪಾಠ ಆರಿಸುವಾಗ ಒಂದೇ ಒಂದು ನೋಡುತ್ತೇನೆ: ನಾನು ತಪ್ಪಿದ್ದು ನನಗೇ ಗೊತ್ತಾಗುವ ದಾರಿ ಅದರಲ್ಲಿ ಇದೆಯಾ? ಎದುರಿಗೆ ಗುರು ಇದ್ದರೆ ಅವರು ಹೇಳುತ್ತಾರೆ. ಇಲ್ಲಿ ಆ ಕೆಲಸ ಪಾಠವೇ ಮಾಡಬೇಕು. 'ಹೀಗೆ ಹಿಡಿಯಿರಿ' ಅಂತ ತೋರಿಸಿ ಮುಂದೆ ಹೋಗುವುದು ಪಾಠ ಅಲ್ಲ, ಪ್ರದರ್ಶನ.

ಈ ಲೆಕ್ಕದಲ್ಲಿ ನನಗೆ ಒಗ್ಗಿದ್ದು ಜಸ್ಟಿನ್ ಗಿಟಾರ್. ಜಸ್ಟಿನ್ ಸ್ಯಾಂಡರ್ಕೋ ಅಂತ ಆಸ್ಟ್ರೇಲಿಯಾದವರು, 2003ರಲ್ಲಿ ಶುರು ಮಾಡಿದ ಜಾಲತಾಣ. ವಿಡಿಯೋ ಪಾಠಗಳು ಪುಕ್ಕಟೆ. ಆ್ಯಪಿಗೆ ಮಾತ್ರ ದುಡ್ಡು, ಅದು ನಿಮಗೆ ಬೇಡ. ಮೊದಲ ಪಾಠದಲ್ಲಿ ಎ ಮತ್ತು ಡಿ, ಎರಡೇ ಕಾರ್ಡ್. ಅವರ ಒಂದು ನಿಮಿಷದ ಅಭ್ಯಾಸ ನನ್ನನ್ನು ಉಳಿಸಿತು. ಗಡಿಯಾರ ಇಟ್ಟುಕೊಂಡು ಒಂದು ನಿಮಿಷದಲ್ಲಿ ಎ ಇಂದ ಡಿಗೆ, ಡಿ ಇಂದ ಎಗೆ ಎಷ್ಟು ಸಲ ಹೋಗಿಬಂದಿರಿ ಅಂತ ಎಣಿಸಬೇಕು. ಬರೆದಿಡಬೇಕು. ಇವತ್ತು 11, ನಾಳೆ 13. ಯಾರೂ ಹೊಗಳಬೇಕಿಲ್ಲ, ಬೈಯಬೇಕಿಲ್ಲ. ಅಂಗಡಿಯ ಲೆಕ್ಕದ ಪುಸ್ತಕ ಬರೆಯುವವರಿಗೆ ಇದು ಕಷ್ಟ ಆಗಲಾರದು.

ಇಂಗ್ಲಿಷ್ ವೇಗ ಅನಿಸಿದರೆ ವಿಡಿಯೋ ವೇಗವನ್ನು 0.75ಕ್ಕೆ ಇಳಿಸಿ. ಎಫ್ ಬಂದಾಗ ಪೂರ್ತಿ ಹಿಡಿಯಬೇಡಿ, ಮೂರು ಬೆರಳಿನ ಎಫ್ ಮೇಜರ್ 7 ಹಿಡಿದು ದಾಟಿಕೊಳ್ಳಿ. ಅಮ್ಮನ ಪದಕ್ಕೆ ಅಷ್ಟು ಸಾಕು.

ನೈಲಾನ್_ತಂತಿ:

ಕ್ಯಾಪೊ ಅವರ ಮಾತಿಗೆ ನನ್ನ ತಕರಾರು ಇದೆ. ವಿಡಿಯೋ ನೋಡಿ ಕಲಿಯುವವರ ಕಣ್ಣು ಪರದೆ ಮೇಲೆ, ಕಿವಿ ಅವರ ಗಿಟಾರ್ ಮೇಲೆ. ತಮ್ಮ ಗಿಟಾರ್ ಕೇಳುವುದೇ ಇಲ್ಲ. ಪುಸ್ತಕ ಸುಮ್ನೆ ಬಾಯಿ ಮುಚ್ಚಿಕೊಂಡು ಎದುರಿಗೆ ಇರುತ್ತದೆ. ಅದೇ ಅದರ ಗುಣ.

ಹಾಲ್ ಲಿಯೊನಾರ್ಡ್ ಕಂಪನಿಯ ಗಿಟಾರ್ ಪಾಠದ ಮೊದಲ ಪುಸ್ತಕ ಆನ್‌ಲೈನಿನಲ್ಲಿ ಸಿಗುತ್ತದೆ. ಮೊದಲ ತಂತಿಯಲ್ಲಿ ಇ, ಎಫ್, ಜಿ ಮೂರೇ ಸ್ವರದಿಂದ ಶುರು. ಐದು ಗೆರೆಯ ಬರಹ ಓದಲು ಕಲಿಸುತ್ತದೆ. ನಿಧಾನ, ಸ್ವಲ್ಪ ಬೇಜಾರು. ಆದರೆ ಎಷ್ಟು ಹೊತ್ತು ಯಾವ ಸ್ವರ ಅನ್ನುವುದು ಬರಹದಲ್ಲೇ ಇರುತ್ತದೆ. ಅಂತರ್ಜಾಲದಲ್ಲಿ ಸಿಗುವ, ತಂತಿ ಮತ್ತು ಫ್ರೆಟ್ ಅಂಕಿಯಲ್ಲಿ ಬರೆದ ಟ್ಯಾಬ್‌ಗಳಲ್ಲಿ ಎಷ್ಟೋ ಸಲ ಯಾವ ಫ್ರೆಟ್ ಅಂತ ಮಾತ್ರ ಇರುತ್ತದೆ, ತಾಳ ನಾವೇ ಊಹಿಸಬೇಕು.

ಬಲಗೈಗೆ ಒಂದು ಹಳೆ ಮದ್ದು ಹೇಳುತ್ತೇನೆ, ಔಷಧಿ ಅಂಗಡಿಯವರಿಗೆ ಇಷ್ಟ ಆಗಬಹುದು. ಮೌರೊ ಜೂಲಿಯಾನಿ ಅಂತ ಇಟಲಿಯವರು, 1812ರಲ್ಲಿ ವಿಯೆನ್ನಾದಲ್ಲಿ ಬಲಗೈಗೆಂದೇ 120 ಅಭ್ಯಾಸ ಪ್ರಕಟಿಸಿದರು. ಎಡಗೈಗೆ ಬರೀ ಎರಡು ಕಾರ್ಡ್, ಸಿ ಮತ್ತು ಜಿ7. ಬಲಗೈ ಬೆರಳುಗಳು ಮಾತ್ರ 120 ಥರ ಮೀಟುತ್ತವೆ. ನಮ್ಮ ಕರ್ನಾಟಕ ಸಂಗೀತದ ಮೊದಲ ಪಾಠ, ಸರಳೆ ವರಸೆಯ ಬುದ್ಧಿಯೇ ಅಲ್ವಾ? ಹಕ್ಕುಸ್ವಾಮ್ಯ ಮುಗಿದು ಎಷ್ಟೋ ಕಾಲ ಆಗಿದೆ, ಪುಕ್ಕಟೆ ಇಳಿಸಿಕೊಳ್ಳಬಹುದು. ನೈಲಾನ್ ತಂತಿಯ ಗಿಟಾರಿಗೆ ಬರೆದದ್ದೇನೂ ಅಲ್ಲ, ಆಗ ಕರುಳಿನ ತಂತಿ ಇತ್ತು. ನಿಮ್ಮ ಉಕ್ಕಿನ ತಂತಿಯ ಮೇಲೂ ನಡೆಯುತ್ತದೆ. ದಿನಕ್ಕೆ ಒಂದು ಸಾಕು. ಮೊದಲ ಹತ್ತರಲ್ಲೇ ಅಮ್ಮನಿಗೆ ಬೇಕಾದ ಮೆಲ್ಲಗಿನ ಮೀಟು ಬರುತ್ತದೆ.

ಹಾರ್ಮೋನಿಯಂ_ಅಕ್ಕ:

ಇಬ್ಬರೂ ಅಣ್ಣಂದಿರು ಅಮ್ಮನನ್ನೇ ಮರೆತಿರಿ.

ಅಮ್ಮನ ಶ್ರುತಿ ಎಷ್ಟು? ಮೊದಲು ಅದು ಗೊತ್ತಾಗಬೇಕು. ಹಾರ್ಮೋನಿಯಂ ಇರುವವರ ಮನೆಗೆ ಕರೆದುಕೊಂಡು ಹೋಗಿ, ಇಲ್ಲವೇ ಫೋನಿನಲ್ಲಿ ತಂಬೂರ ಆ್ಯಪ್ ಹಾಕಿ ನೋಡಿ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಬಿಳಿ 1 ಅಂದರೆ ಗಿಟಾರ್‌ನವರ ಸಿ. ಬಿಳಿ 2 ಅಂದರೆ ಡಿ. ಕಪ್ಪು 4 ಅಂದರೆ ಜಿ ಶಾರ್ಪ್, ಕಪ್ಪು 5 ಅಂದರೆ ಎ ಶಾರ್ಪ್. ಅಮ್ಮ ಕಪ್ಪು 4ರಲ್ಲಿ ಹಾಡಿದರೆ ಕ್ಯಾಪೊ 1ನೇ ಫ್ರೆಟ್ಟಿಗೆ ಹಾಕಿ ಜಿ ಹಿಡಿಯಿರಿ. ಕಪ್ಪು 5 ಆದರೆ 3ನೇ ಫ್ರೆಟ್ಟಿಗೆ ಹಾಕಿ ಅದೇ ಜಿ. ಹಾಡುವವರು ಗಿಟಾರಿಗೆ ಬಗ್ಗಬಾರದು, ಗಿಟಾರ್ ಅವರಿಗೆ ಬಗ್ಗಬೇಕು.

ಇನ್ನು ರಾಗ. ಚಿತ್ರಗೀತೆಗೆ ಕಾರ್ಡ್ ಹೇಳಿಕೊಡುವ ವಿಡಿಯೋ ನೋಡಿ ದಾಸರ ಪದಕ್ಕೆ ಹಾಗೇ ಹಾಕಿದರೆ ಎಡವಟ್ಟು. ಮೋಹನ ರಾಗ ತಗೊಳ್ಳಿ. ಸ ರಿ ಗ ಪ ದ, ಐದೇ ಸ್ವರ. ಷಡ್ಜ (ಸ) ಸಿ ಅಂತ ಇಟ್ಟುಕೊಂಡರೆ ಸಿ ಮೇಜರಿನಲ್ಲಿ ಸ ಗ ಪ, ಎ ಮೈನರಿನಲ್ಲಿ ದ ಸ ಗ. ಎಲ್ಲ ರಾಗದ ಒಳಗೇ ಇವೆ. ಆದರೆ ಎಲ್ಲರೂ ಅಭ್ಯಾಸಬಲದಿಂದ ಜಿ ಮೇಜರ್ ಹಾಕುತ್ತಾರೆ. ಅದರಲ್ಲಿ ಮೋಹನದಲ್ಲಿ ಇಲ್ಲದ ನಿಷಾದ (ನಿ) ಇದೆ. ಎಫ್ ಹಾಕಿದರೆ ಮಧ್ಯಮ (ಮ) ನುಗ್ಗುತ್ತದೆ. ನಿಮ್ಮನ್ನು ಕಾಡಿದ ಎಫ್ ಮೋಹನಕ್ಕೆ ಬೇಡವೇ ಬೇಡ!

ಹಂಸಧ್ವನಿ ರಾಗದಲ್ಲಿ ನಿಷಾದ ಉಂಟು, ಧೈವತ (ದ) ಇಲ್ಲ. ಅಲ್ಲಿ ಸಿ, ಇ ಮೈನರ್, ಜಿ ಮೂರೂ ಹೊಂದುತ್ತವೆ. ಜಿ ಯನ್ನು ಷಡ್ಜ ಮಾಡಿಕೊಂಡರೆ ಮೋಹನಕ್ಕೆ ಜಿ ಮತ್ತು ಇ ಮೈನರ್ ಸಾಕು. ಎರಡೂ ಹೊಸಬರ ಕಾರ್ಡ್‌ಗಳೇ.

ಗಮಕ ಇರುವ ಕಡೆ ಕಾರ್ಡ್ ಬದಲಿಸಬೇಡಿ. ಅಮ್ಮ ಸ್ವರದ ಮೇಲೆ ಓಲಾಡುವಾಗ ಸುಮ್ಮನೆ ಸ ಪ ಮೀಟುತ್ತಾ ಇರಿ, ತಂಬೂರಿಯ ಹಾಗೆ. ಯಾವ ಪಾಠದಲ್ಲೂ ಇದು ಸಿಗಲಿಕ್ಕಿಲ್ಲ, ಅಮ್ಮನ ಹತ್ತಿರವೇ ಕಲಿಯಬೇಕು.

ಬಸ್_ಪಾಸ್:

ಎಲ್ಲ ಸರಿ. ಆದರೆ ತಿಂಗಳಿಗೆ ಒಂದು ಭಾನುವಾರ ಹುಬ್ಬಳ್ಳಿಗೆ ಹೋಗಿ ಯಾರಾದರೂ ಮೇಷ್ಟ್ರ ಮುಂದೆ ಒಂದು ಗಂಟೆ ಕುಳಿತು ಬನ್ನಿ. ನೂರು ಕಿಲೋಮೀಟರ್ ಆಚೀಚೆ, ಅಷ್ಟೇ. ನಾನು ನಾಲ್ಕು ವರ್ಷ ವಿಡಿಯೋ ನೋಡಿ ಕಲಿತೆ. ಮೊದಲ ಸಲ ಮೇಷ್ಟ್ರು ನೋಡಿದ ಎರಡೇ ನಿಮಿಷಕ್ಕೆ 'ಮಣಿಕಟ್ಟು ಯಾಕೆ ಹಾಗೆ ಮುರಿದುಕೊಂಡಿದ್ದೀಯ' ಅಂದರು. ಬಿಡಿಸಿಕೊಳ್ಳಲು ಎಂಟು ತಿಂಗಳು ಬೇಕಾಯಿತು.

ಔಷಧಿ_ಅಂಗಡಿ_ಶಿರಸಿ (ಮೂರು ವಾರದ ನಂತರ):

ಬಂದೆ. ಉತ್ತರ ಕೊಡಲು ತಡ ಆಯಿತು, ಊರಲ್ಲಿ ಜ್ವರದ ಕಾಲ, ಅಂಗಡಿ ತುಂಬಾ ಜನ.

ಬಸ್_ಪಾಸ್ ಅವರ ಮಾತು ಅರ್ಧ ಕೇಳಿದೆ. ಹುಬ್ಬಳ್ಳಿಗೆ ಹೋದೆ, ಆದರೆ ಗಿಟಾರನ್ನು ತೋರಿಸಲು. ರಿಪೇರಿಯವರು ಒಂದು ಕಣ್ಣು ಮುಚ್ಚಿ ಕುತ್ತಿಗೆಯ ಉದ್ದಕ್ಕೂ ನೋಡಿ, 'ಇದರ ಮೇಲೆ ಎಫ್ ಹಿಡಿಯಲು ಹೋಗಿದ್ದಿರಾ?' ಅಂದರು. ಕುತ್ತಿಗೆಯ ಒಳಗಿನ ಸರಳನ್ನು ಸ್ವಲ್ಪ ತಿರುಗಿಸಿದರು. ಬ್ರಿಡ್ಜಿನ ಮೇಲೆ ತಂತಿ ಕೂರುವ ಸ್ಯಾಡಲ್ ಪಟ್ಟಿಯ ತಳ ಉಜ್ಜಿದರು. 12ನೇ ಫ್ರೆಟ್ಟಿನಲ್ಲಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಅಲ್ಲಿ ಎರಡು ಮಿಲಿಮೀಟರ್ ಉಜ್ಜಬೇಕಂತೆ. ತುಕ್ಕು ಹಿಡಿದ ತಂತಿ ಎಲ್ಲ ತೆಗೆದು ಹೊಸದು ಹಾಕಿದರು. ಈಗ ಮೂರು ಎಟಿಎಂ ಕಾರ್ಡ್ ಹೋಗುತ್ತವೆ, ನಾಲ್ಕನೆಯದು ತಾಗುತ್ತದೆ. ಗಿಟಾರ್ ಈಗ ಕಪಾಟಿನ ಮೇಲಿಲ್ಲ, ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇದೆ. ಮಾತ್ರೆ ಡಬ್ಬಿಗಳಲ್ಲಿ ಬರುವ ಪೊಟ್ಟಣ ನನ್ನಲ್ಲಿ ರಾಶಿ ಇವೆ. ಇಷ್ಟು ದಿನ ಎಸೆಯುತ್ತಿದ್ದೆ.

ಪಾಠಕ್ಕೆ ಜಸ್ಟಿನ್ ಹಿಡಿದೆ. ಪುಸ್ತಕ ತರಿಸಲಿಲ್ಲ, ನೈಲಾನ್ ಅವರು ಕ್ಷಮಿಸಬೇಕು. ಐದು ಗೆರೆ ನೋಡಿದರೆ ನನಗೆ ವೈದ್ಯರ ಕೈಬರಹವೇ ವಾಸಿ ಅನಿಸಿತು. ಆದರೆ ಜೂಲಿಯಾನಿಯವರ ಮೊದಲ ನಾಲ್ಕನ್ನು ಒಬ್ಬರು ಬಾರಿಸುವುದನ್ನು ನೋಡಿ ಕಲಿತೆ. ಇದು ಮೋಸ ಅಂತ ಗೊತ್ತು.

ಹಳೇ ಬಿಲ್ ಪುಸ್ತಕದ ಹಿಂದೆ ಲೆಕ್ಕ ಬರೆಯುತ್ತಿದ್ದೇನೆ. ಎ ಇಂದ ಡಿ: ಮೊದಲ ದಿನ 9. ನಿನ್ನೆ 27. ನಡುವೆ ಒಂದು ದಿನ 31 ಬಂದಿತ್ತು. ಫೋನಿನಲ್ಲಿ ಧ್ವನಿಮುದ್ರಣ ಕೇಳಿದರೆ ಅದರಲ್ಲಿ ಅರ್ಧ ಬರೀ 'ಟಕ್ ಟಕ್'. ಅದನ್ನು ಹೊಡೆದು ಹಾಕಿ 16 ಅಂತ ಬರೆದೆ. ಜಿ ಇಂದ ಇ ಮೈನರ್ ಇನ್ನೂ ಸುಲಭ, 35.

ಅಮ್ಮನ ಶ್ರುತಿ ಕಪ್ಪು 4. ಅಕ್ಕ ಹೇಳಿದ ಹಾಗೆ 1ನೇ ಫ್ರೆಟ್ಟಿಗೆ ಕ್ಯಾಪೊ ಹಾಕಿ ಕುಳಿತೆ. ಅಮ್ಮ ಮೋಹನದ ಪದ ಒಂದು ಹೇಳಿದರು. ಪಲ್ಲವಿ ಪೂರ್ತಿ ಜಿ ಒಂದನ್ನೇ ಮೀಟಿದೆ. ಅನುಪಲ್ಲವಿಯಲ್ಲಿ ಧೈರ್ಯ ಮಾಡಿ ಇ ಮೈನರಿಗೆ ಹೋದೆ, ವಾಪಸ್ ಬರುವಷ್ಟರಲ್ಲಿ ಅಮ್ಮ ಒಂದು ಸಾಲು ಮುಂದೆ ಹೋಗಿದ್ದರು. ಹಾಡು ನಿಲ್ಲಿಸಲಿಲ್ಲ. ಮುಗಿಸಿದ ಮೇಲೆ 'ತಂಬೂರಿಗೆ ಕೆಮ್ಮು ಬಂದ ಹಾಗಿತ್ತು, ನಾಳೆ ಸ್ವಲ್ಪ ಬೇಗ ಅಂಗಡಿ ಮುಚ್ಚು' ಅಂದರು.

ಒಂದು ಸಂಶಯ ಉಳಿದಿದೆ. ಬೆರಳ ತುದಿಯ ಚರ್ಮ ಸುಲಿಯುತ್ತಿದೆ. ದಿನಕ್ಕೆ ಹತ್ತು ಜನರಿಗೆ ಮುಲಾಮು ಕೊಡುವವನು ನಾನು, ಆದರೆ ಇದಕ್ಕೆ ಏನು ಹಚ್ಚಬೇಕು ಗೊತ್ತಾಗುತ್ತಿಲ್ಲ.

ಹಳೇ_ಕ್ಯಾಪೊ:

ಏನೂ ಹಚ್ಚಬೇಡಿ. ಮುಲಾಮು ಹಚ್ಚಿದರೆ ಮತ್ತೆ ಮೆತ್ತಗಾಗುತ್ತದೆ. ಸುಲಿದ ಚೂರನ್ನು ಕೀಳಬೇಡಿ. ಸ್ನಾನ ಆದ ತಕ್ಷಣ ಬಾರಿಸಬೇಡಿ. ನೋವು ಜಾಸ್ತಿ ಆದ ದಿನ ಹತ್ತು ನಿಮಿಷಕ್ಕೇ ನಿಲ್ಲಿಸಿ, ಆದರೆ ಒಂದು ದಿನವೂ ಬಿಡಬೇಡಿ.

31 ಹೊಡೆದು 16 ಬರೆದಿರಿ ನೋಡಿ, ಅದು ಇಷ್ಟ ಆಯಿತು.

ಹಾರ್ಮೋನಿಯಂ_ಅಕ್ಕ:

ಬೇಗ ಅಂಗಡಿ ಮುಚ್ಚಿದಿರಾ?

ಔಷಧಿ_ಅಂಗಡಿ_ಶಿರಸಿ:

ಒಂಬತ್ತಕ್ಕೆ.