ಅಪ್‌ಡೇಟ್: ಮಳೆಗೆ ಮಂಕಾಗಿದ್ದ ಲೋಟಸ್ 49ರ ಹಸಿರು ಬಣ್ಣ

ಚಿಕ್ಕಮಗಳೂರಿನ ಮಳೆಯಲ್ಲಿ ನನ್ನ 1:20 ಅಳತೆಯ ಲೋಟಸ್ 49 ಎಂಬ ಫಾರ್ಮುಲಾ ಒನ್ ರೇಸ್ ಕಾರಿನ ಪುಟ್ಟ ಮಾದರಿಯ ಹಸಿರು ಲ್ಯಾಕರ್ ಬಣ್ಣವು ಆರುವಷ್ಟರಲ್ಲಿ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತಿದೆ ಎಂದು ಜುಲೈನಲ್ಲಿ ಕೇಳಿದ್ದೆ. ಬಣ್ಣ ಹಳತಾಗಿರಬೇಕೆಂಬ ನನ್ನ ಅನುಮಾನ ತಪ್ಪಾಗಿತ್ತು. ತಮ್ಮಲ್ಲಿ ಹಲವರು ತಿಳಿಸಿದಂತೆ, ಥಿನ್ನರ್ ಬೇಗನೆ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲಿ ಹನಿಗಟ್ಟಿ ಬಣ್ಣದೊಳಗೇ ಸಿಕ್ಕಿಕೊಳ್ಳುವುದು ಇದಕ್ಕೆ ಕಾರಣವಾಗಿತ್ತು. ಹಳೆಯ ಪದರವನ್ನು ಕೆರೆಯದೆ, ಮಳೆ ಬಿಡುವು ಕೊಟ್ಟ ಒಂದು ಮಧ್ಯಾಹ್ನ (ಅದಕ್ಕಾಗಿ ಹನ್ನೊಂದು ದಿನ ಕಾದೆ), ರಿಟಾರ್ಡರ್ (ಆರುವುದನ್ನು ನಿಧಾನಗೊಳಿಸುವ ದ್ರಾವಣ) ಬೆರೆಸಿದ ಥಿನ್ನರನ್ನಷ್ಟೇ ಏರ್‌ಬ್ರಶ್‌ನಿಂದ ತೆಳುವಾಗಿ ಸಿಂಪಡಿಸಿದಾಗ ಮಂಕು ಬಹುಪಾಲು ಕರಗಿತು. ಮೂಗಿನ ತುದಿಯನ್ನು ಮಾತ್ರ ವಾಟರ್ ಪೇಪರಿನಿಂದ ಉಜ್ಜಿ, ಮತ್ತೆ ಬಣ್ಣ ಹಾಕಬೇಕಾಯಿತು.

1967ರ ಡಚ್ ಗ್ರ್ಯಾನ್ ಪ್ರಿಯಲ್ಲಿ, ಈ ಕಾರಿನ ಚೊಚ್ಚಲ ಸ್ಪರ್ಧೆಯಲ್ಲೇ, ಚಾಲಕ ಜಿಮ್ ಕ್ಲಾರ್ಕ್ ಗೆದ್ದ ರೂಪವನ್ನು ಮಾಡುತ್ತಿರುವುದರಿಂದ ಹಳದಿ ಪಟ್ಟಿಯನ್ನೂ 5ನೇ ಸಂಖ್ಯೆಯನ್ನೂ ಅಂಟಿಸಿದ್ದೇನೆ. ಕಾಸ್‌ವರ್ತ್ ಡಿಎಫ್‌ವಿ ಎಂಜಿನ್ ಹೊದಿಕೆಯಿಲ್ಲದೆ ಕಾಣುವುದರಿಂದ, ಹಳೆಯ ಇಯರ್‌ಫೋನಿನ ಎಳೆಗಳಿಂದ ಎಂಟು ಸ್ಪಾರ್ಕ್ ಪ್ಲಗ್ ತಂತಿಗಳನ್ನು ಜೋಡಿಸಿದೆ; ನನ್ನ ಮಟ್ಟಿಗೆ ಇಡೀ ಮಾದರಿಗೆ ಜೀವ ಬಂದದ್ದು ಅಲ್ಲಿಯೇ. ವಿಂಡ್‌ಸ್ಕ್ರೀನ್ ಅಂಟಿಸುವುದು ಇನ್ನೂ ಬಾಕಿಯಿದೆ.