ಸಹಾಯ ಬೇಕು: ಕೋಬೆಯ ಏರುದಾರಿ, ಅಮ್ಮನ ಮಂಡಿನೋವು

ಅಮ್ಮನ ಜೊತೆ ಒಸಾಕಾದಲ್ಲಿ ತಂಗಿ ಮನೆಗೆ ಬಂದಿದ್ದೇನೆ. ಈ ಶನಿವಾರ ಕೋಬೆಯ ಕಿತಾನೊದಲ್ಲಿ ಗೈಡ್ ಜೊತೆ ಎರಡು ಗಂಟೆ ನಡಿಗೆಗೆ ಹೆಸರು ಕೊಟ್ಟಾಗಿದೆ. 1868ರಲ್ಲಿ ಬಂದರು ತೆರೆದ ನಂತರದ ದಶಕಗಳಲ್ಲಿ ವಿದೇಶಿ ವ್ಯಾಪಾರಿಗಳು ಗುಡ್ಡದ ಬುಡದಲ್ಲಿ ಕಟ್ಟಿಕೊಂಡ ಮನೆಗಳ ಬೀದಿ ಅದು.

ನಿನ್ನೆ ದಾರಿ ನೋಡಿಕೊಂಡು ಬರೋಣ ಅಂತ ಒಬ್ಬಳೇ ಹೋದೆ. ಸನ್ನೊಮಿಯಾ ಸ್ಟೇಷನ್‌ನಿಂದ ಹದಿನೈದು ನಿಮಿಷ, ಬರೀ ಏರು! 1909ರ ಕೆಂಪಿಟ್ಟಿಗೆಯ ಜರ್ಮನ್ ವ್ಯಾಪಾರಿಯ ಮನೆ, ತುದಿಯಲ್ಲಿ ಗಾಳಿಯ ದಿಕ್ಕು ತೋರಿಸುವ ಲೋಹದ ಕೋಳಿ. ಹತ್ತಿರದ ಹಸಿರು ಬಣ್ಣದ ಮನೆಯಂಗಳದಲ್ಲಿ 1995ರ ಭೂಕಂಪಕ್ಕೆ ಉರುಳಿದ ಇಟ್ಟಿಗೆ ಚಿಮಣಿಯನ್ನು ಹಾಗೇ ಉಳಿಸಿಕೊಂಡಿದ್ದಾರೆ. ನನಗೆ ಮನೆಗಿಂತ ಅದೇ ಹಿಡಿಸಿತು.

ಅಮ್ಮನಿಗೆ ಮಾತ್ರ ಅಲ್ಲಿನ ಜೈನ ಮಂದಿರ ನೋಡಲೇಬೇಕು. ನಾವು ಕಾರ್ಕಳದವರು. ನಮ್ಮ ಬಸದಿಯ ಹಾಗಲ್ಲ, ಬಿಳಿ ಅಮೃತಶಿಲೆಯದು ಅಂದರೂ ಕೇಳುತ್ತಿಲ್ಲ. ಗೈಡ್ ಪಟ್ಟಿಯಲ್ಲಿ ಅದು ಇಲ್ಲ.

ಕೋಬೆಯಲ್ಲಿರುವವರು ಹೇಳಿ: ಸಿಟಿ ಲೂಪ್ ಬಸ್ಸಲ್ಲಿ ಮೇಲೆ ಹೋಗಿ, ಅಲ್ಲೇ ಗುಂಪು ಸೇರಿಕೊಳ್ಳಲು ಗೈಡ್‌ಗಳು ಒಪ್ಪುತ್ತಾರಾ? ಮಂದಿರ ಮಧ್ಯಾಹ್ನ ತೆರೆದಿರುತ್ತಾ? ಮೆಟ್ಟಿಲಿಲ್ಲದ ದಾರಿ ಇದೆಯಾ? ಈರುಳ್ಳಿ-ಬೆಳ್ಳುಳ್ಳಿ ಇಲ್ಲದ ಊಟ ಹತ್ತಿರದಲ್ಲಿ ಸಿಗುತ್ತಾ? ಶುಕ್ರವಾರದೊಳಗೆ ತಿಳಿಸಿದರೆ ಗೈಡ್‌ಗೆ ಹೇಳಬಹುದು.