ಸಹಾಯ ಬೇಕು: ‘ಬನವ್ವ’ ಹೆಸರು ಎಲ್ಲಿಂದ ಬಂತು?

ಎಲ್ಲರಿಗೂ ನಮಸ್ಕಾರ್ರೀ. ನಾವು ಬಾಗಲಕೋಟೆಯವರು. ಬರುವ ವಾರ ಮಗಳನ್ನು ತೊಟ್ಟಿಲಿಗೆ ಹಾಕುತ್ತಿದ್ದೇವೆ. ಅಜ್ಜಿಯ ಹೆಸರು ಬನವ್ವ, ಅದನ್ನೇ ಇಡೋಣ ಅಂತ ನನ್ನಾಸೆ. ‘ವನ’ವೇ ಕನ್ನಡದ ಬಾಯಲ್ಲಿ ‘ಬನ’ ಆಗಿದೆ, ಬಾದಾಮಿ ಹತ್ತಿರದ ಬನಶಂಕರಿಯ ಹೆಸರಲ್ಲಿರುವುದೂ ಅದೇ ಬನ. ಅಜ್ಜಿ ಹುಟ್ಟಿದ್ದು ಬನದ ಹುಣ್ಣಿಮೆಯ ಜಾತ್ರೆ ಹೊತ್ತಿಗೆ, ಅದಕ್ಕೇ ಈ ಹೆಸರು ಅಂತ ಅವ್ವ ಹೇಳುತ್ತಾಳೆ. ದೊಡ್ಡಪ್ಪ ಒಪ್ಪುತ್ತಿಲ್ಲ. ಅದು ಬನ್ನಿ ಗಿಡದಿಂದ ಬಂದ ‘ಬನ್ನೆವ್ವ’ ಅಂತ ಅವರ ಪಟ್ಟು. ಅಜ್ಜಿಯ ಹಳೇ ರೇಷನ್ ಕಾರ್ಡ್ ತೆಗೆದು ನೋಡಿದರೆ ಅರಿಶಿನದ ಕಲೆಯ ಕೆಳಗೆ ‘ಬನ್ನವ್ವ’ ಅಂತಿದೆ! ಬರೆದವರ ಕೈತಪ್ಪೋ ಏನೋ.

ನಿಮ್ಮ ಮನೆಯಲ್ಲಿ ಈ ಹೆಸರಿನವರು ಇದ್ದಾರಾ? ಹಿರಿಯರನ್ನು ಒಂದು ಮಾತು ಕೇಳಿ ಹೇಳ್ರೀ. ‘ಬನಶ್ರೀ’ ಮಾಡಿ ಅನ್ನುವ ಸಲಹೆ ಮಾತ್ರ ಬೇಡ, ಮನೆಯಲ್ಲೇ ಜಾಸ್ತಿ ಆಗಿದೆ.